ಆಯಸ್ಕಾಂತ ಕೆಲಸ ಮಾಡಲ್ಲ ಸ್ವಾಮಿ

ಒಂದು ಪ್ರಶ್ನೆ ಕೇಳ್ತೀನಿ. ಸೆಕೆಂಡ್ ಪಿಯುಸಿ ಮುಗಿಸಿ ಹತ್ತೋ ಹದಿನೈದೋ ವರ್ಷ ಆಗಿರಬಹುದು, ಪರವಾಗಿಲ್ಲ, ನಿಧಾನಕ್ಕೆ ಯೋಚನೆ ಮಾಡಿ. ಒಂದು ಕಾಂತಕ್ಷೇತ್ರ. ಅದರೊಳಗೆ ಒಂದು ಎಲೆಕ್ಟ್ರಾನ್ ಗುಂಡಗೆ ಸುತ್ತುತ್ತಾ ಇದೆ. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಕಾಂತಕ್ಷೇತ್ರ ಅದರ ಮೇಲೆ ಮಾಡಿದ ಕೆಲಸ ಎಷ್ಟು?

ಸೊನ್ನೆ. ಒಂದು ಸುತ್ತಿಗೆ ಮಾತ್ರ ಅಲ್ಲ. ಅರ್ಧ ಸುತ್ತಿಗೂ ಸೊನ್ನೆ, ಸಾವಿರ ಸುತ್ತಿಗೂ ಸೊನ್ನೆ.

ನಮ್ಮ ತಲೆಮಾರಿನ ಎಷ್ಟೋ ಜನ ಓಎಂಆರ್ ಶೀಟಿನಲ್ಲಿ ಈ ಸೊನ್ನೆಗೇ ಮಸಿ ತುಂಬಿ ಒಂದು ಮಾರ್ಕು ತಗೊಂಡಿದ್ದೇವೆ. ಆ ಮಾರ್ಕಿನಿಂದ ರ‍್ಯಾಂಕು, ರ‍್ಯಾಂಕಿನಿಂದ ಸೀಟು, ಸೀಟಿನಿಂದ ಬಿಇ, ಬಿಇಯಿಂದ ಕೆಲಸ, ಕೆಲಸದಿಂದ ವೈಟ್‌ಫೀಲ್ಡಿನಲ್ಲೋ ಕೆಂಗೇರಿಯಲ್ಲೋ ಒಂದು ಟೂ ಬಿಎಚ್‌ಕೆ. ಆಮೇಲೆ ಒಂದು ಭಾನುವಾರ ಅದೇ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಟೈ ಕಟ್ಟಿದವನೊಬ್ಬ ಬಂದು, "ಆಯಸ್ಕಾಂತದಿಂದ ನಿಮ್ಮ ರಕ್ತದ ಕಣಗಳಿಗೆ ಎನರ್ಜಿ ಸಿಗುತ್ತೆ ಸಾರ್" ಅಂತಾನೆ. ಅದೇ ಸೊನ್ನೆಗೆ ಮಸಿ ತುಂಬಿದ ನಾವು ಹೂಂ ಹೂಂ ಅಂತ ತಲೆ ಆಡಿಸಿ, ಅಪ್ಪನಿಗೊಂದು ಬ್ರೇಸ್ಲೆಟ್ಟು, ಅಮ್ಮನಿಗೊಂದು ಮಂಡಿ ಪಟ್ಟಿ, ಮನೆಗೊಂದು ಮ್ಯಾಗ್ನೆಟಿಕ್ ಹಾಸಿಗೆ ಅಂತ ಕಾರ್ಡ್ ಉಜ್ಜುತ್ತೇವೆ. ಹಾಸಿಗೆಗೆ ಇಎಂಐ ಬೇರೆ!

ಇದನ್ನ ಮೂಢನಂಬಿಕೆ ಅಂತ ಬಿಟ್ಟುಬಿಡೋದು ಸುಲಭ. ಆದರೆ ಮೂಢನಂಬಿಕೆ ಅಂದರೆ ಗೊತ್ತಿಲ್ಲದವರು ನಂಬೋದು. ನಮಗೆ ಉತ್ತರ ಗೊತ್ತಿತ್ತು. ಅದನ್ನ ಬರೆದು ಮಾರ್ಕು ತಗೊಂಡು, ಆ ಮಾರ್ಕಿನ ಮೇಲೆ ಜೀವನ ಕಟ್ಟಿಕೊಂಡಿದ್ದೇವೆ. ಗೊತ್ತಿದ್ದೂ ತಲೆ ಆಡಿಸೋದಕ್ಕೆ ಬೇರೆ ಹೆಸರು ಬೇಕು. ನನ್ನ ಜಗಳ ಇರೋದು ಅದರ ಜೊತೆಗೆ.

ಮೊದಲು ಆ ಸೊನ್ನೆ ಎಲ್ಲಿಂದ ಬಂತು ನೋಡೋಣ. ಫಾರ್ಮುಲಾ ಬೇಡ, ಕಣಕ್ಕೆ ಹೋಗೋಣ. ಕಣ ಅಂದರೆ ನಮ್ಮ ಕಡೆ ರಾಗಿ, ಜೋಳ ಒಕ್ಕುವ ಜಾಗ. ಈಗ ಡಾಂಬರು ರಸ್ತೆ ಮೇಲೇ ಹುಲ್ಲು ಹರಡಿ ಲಾರಿ ಹತ್ತಿಸ್ತಾರೆ, ಅದು ಬೇರೆ ವಿಷಯ. ಹಿಂದೆ ಕಣದ ನಡುವೆ ಒಂದು ಮೇಟಿಕಂಬ ಇರ್ತಿತ್ತು. ಎತ್ತುಗಳ ಹಗ್ಗವನ್ನ ಅದಕ್ಕೆ ಕಟ್ಟಿದರೆ ಅವು ಮೇಟಿಯ ಸುತ್ತ ಸುತ್ತುತ್ತಿದ್ದವು. ಈಗ ಹೇಳಿ, ಎತ್ತನ್ನ ನಡೆಸುತ್ತಿದ್ದದ್ದು ಹಗ್ಗವಾ? ಅಲ್ಲ. ನಡೆಯೋದು ಎತ್ತಿನ ಕಾಲು, ಖರ್ಚಾಗೋದು ಅದು ತಿಂದ ಹುಲ್ಲು. ಹಗ್ಗ ಮಾಡೋದು ಒಂದೇ: ನೇರ ಹೋಗಬೇಕಾದ ಎತ್ತನ್ನ ಪಕ್ಕಕ್ಕೆ ಎಳೆದು ತಿರುಗಿಸೋದು. ಹಗ್ಗದ ಎಳೆತ ಯಾವಾಗಲೂ ಎತ್ತು ಹೋಗುವ ದಿಕ್ಕಿಗೆ ಅಡ್ಡ. ಅಡ್ಡ ಎಳೆದರೆ ದಿಕ್ಕು ಬದಲಾಗುತ್ತೆ, ವೇಗ ಬದಲಾಗಲ್ಲ. ವೇಗ ಬದಲಾಗದಿದ್ದರೆ ಶಕ್ತಿ ಬದಲಾಗಲ್ಲ. ಭೌತಶಾಸ್ತ್ರದ ಲೆಕ್ಕದಲ್ಲಿ ಹಗ್ಗ ಮಾಡಿದ ಕೆಲಸ ಸೊನ್ನೆ.

ಕಾಂತಕ್ಷೇತ್ರ ಆ ಹಗ್ಗ. ವಿದ್ಯುದಾವೇಶ ಇರುವ ಯಾವುದೇ ಕಣ, ಅದು ಎಲೆಕ್ಟ್ರಾನ್ ಆಗಲಿ, ಪ್ರೋಟಾನ್ ಆಗಲಿ, ರಕ್ತದಲ್ಲಿರುವ ಸೋಡಿಯಂ ಅಯಾನ್ ಆಗಲಿ, ಚಲಿಸುತ್ತಿದ್ದರೆ ಕಾಂತಕ್ಷೇತ್ರ ಅದನ್ನ ಅಡ್ಡಕ್ಕೆ ತಳ್ಳುತ್ತೆ. ಸುಮ್ಮನೆ ನಿಂತ ಕಣವನ್ನ ಮುಟ್ಟೋದೂ ಇಲ್ಲ. ವಿದ್ಯುತ್‌ಕ್ಷೇತ್ರದ ಜಾಯಮಾನ ಬೇರೆ. ಅದು ಇಳಿಜಾರಿನ ಥರ. ನಿಂತ ಕಣವನ್ನೂ ಉರುಳಿಸುತ್ತೆ, ಉರುಳುತ್ತಾ ಉರುಳುತ್ತಾ ವೇಗ ಹೆಚ್ಚಿಸುತ್ತೆ, ಶಕ್ತಿ ಕೊಡುತ್ತೆ. ಶಕ್ತಿ ಕೊಡೋದು ವಿದ್ಯುತ್‌ಕ್ಷೇತ್ರ, ದಿಕ್ಕು ತೋರಿಸೋದು ಕಾಂತಕ್ಷೇತ್ರ. ಈ ಒಂದು ಸಾಲು ನೆನಪಿದ್ದರೆ ಸಾಕು, ಇಡೀ ಅಧ್ಯಾಯ ನೆನಪಿದ್ದ ಹಾಗೆ.

ಈ ಪ್ರಯೋಗವನ್ನ ನಮ್ಮಲ್ಲಿ ತುಂಬಾ ಜನ ಚಿಕ್ಕವರಿದ್ದಾಗಲೇ ಮಾಡಿದ್ದೇವೆ. ಹಳೇ ಬ್ಲಾಕ್ ಅಂಡ್ ವೈಟ್ ಟಿವಿ ಮುಂದೆ ಕೆಟ್ಟ ಸ್ಪೀಕರಿನ ಆಯಸ್ಕಾಂತ ಹಿಡಿದರೆ ವಾರ್ತೆ ಓದೋರ ಮುಖ ಸೊಟ್ಟಗಾಗ್ತಿತ್ತು. ಮನೆಯವರು ಬೈದರೆ ತೆಗೆಯೋದು, ಅವರು ಅಡುಗೆಮನೆಗೆ ಹೋದರೆ ಮತ್ತೆ ಹಿಡಿಯೋದು. ಆ ಡಬ್ಬದೊಳಗೆ ನಡೀತಿದ್ದದ್ದು ಇಷ್ಟೇ: ಹತ್ತು ಸಾವಿರ ವೋಲ್ಟ್‌ಗೂ ಮೇಲಿನ ವಿದ್ಯುತ್ತು ಎಲೆಕ್ಟ್ರಾನುಗಳನ್ನ ಪರದೆ ಕಡೆಗೆ ಓಡಿಸ್ತಿತ್ತು. ಕೊಳವೆಯ ಕತ್ತಿನಲ್ಲಿ ಸುತ್ತಿದ್ದ ತಂತಿ ಸುರುಳಿಗಳ ಕಾಂತಕ್ಷೇತ್ರ ಅವುಗಳನ್ನ ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಿರುಗಿಸಿ ಸೆಕೆಂಡಿಗೆ 25 ಸಲ 625 ಗೆರೆಗಳ ಚಿತ್ರ ಬಿಡಿಸ್ತಿತ್ತು. ನಮ್ಮ ಸ್ಪೀಕರ್ ಆಯಸ್ಕಾಂತ ಆ ದಿಕ್ಕನ್ನ ಕೆಡಿಸ್ತಿತ್ತು. ಚಿತ್ರ ಸೊಟ್ಟ ಆಗ್ತಿತ್ತು ನಿಜ. ಆದರೆ ಆಯಸ್ಕಾಂತ ಹಿಡಿದಿದ್ದಕ್ಕೆ ಟಿವಿಯ ಬೆಳಕು ಜಾಸ್ತಿ ಆಯ್ತಾ? ಕರೆಂಟು ಹೋದಾಗ ಆಯಸ್ಕಾಂತ ಹಿಡಿದು ಟಿವಿ ನಡೆಸಿದವರು ಯಾರಾದರೂ ಇದ್ದಾರಾ?

1897ರಲ್ಲಿ ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ ಇಟ್ಟುಕೊಂಡಿದ್ದದ್ದೂ ಇಂಥದ್ದೇ ಒಂದು ಕೊಳವೆ. ಒಂದು ಕಡೆಯಿಂದ ವಿದ್ಯುತ್‌ಕ್ಷೇತ್ರ, ಅಡ್ಡಲಾಗಿ ಕಾಂತಕ್ಷೇತ್ರ. ಒಂದು ಕಿರಣವನ್ನ ಮೇಲಕ್ಕೆ ತಳ್ಳಿದರೆ ಇನ್ನೊಂದು ಕೆಳಕ್ಕೆ. ಎರಡನ್ನೂ ತಕ್ಕಡಿಯ ಹಾಗೆ ಸಮ ಮಾಡಿದಾಗ ಕಿರಣ ನೇರ ಹೋಯ್ತು, ಅದರಿಂದ ವೇಗ ಗೊತ್ತಾಯ್ತು. ವೇಗ ಗೊತ್ತಾದ ಮೇಲೆ ಬಾಗಿದ ಲೆಕ್ಕದಿಂದ ಆವೇಶಕ್ಕೂ ತೂಕಕ್ಕೂ ಇರುವ ಅನುಪಾತ ಸಿಕ್ಕಿತು. ಎಲೆಕ್ಟ್ರಾನ್ ಎಂಬ ಕಣ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ. ಬಾಗುವಿಕೆಯನ್ನ ಅಳೆದು, ಲೆಕ್ಕ ಹಾಕಿ. "ಎನರ್ಜಿ ಫೀಲ್ ಆಗುತ್ತಾ ಸಾರ್?" ಅಂತ ಯಾರನ್ನೂ ಕೇಳಿ ಅಲ್ಲ.

ಮೇಟಿಕಂಬದ ಹೋಲಿಕೆ ಒಂದು ಕಡೆ ಕೈಕೊಡುತ್ತೆ, ಅದನ್ನೂ ಹೇಳಿಬಿಡ್ತೀನಿ. ಕಣದಲ್ಲಿ ಹಗ್ಗದ ಉದ್ದ ಅಷ್ಟೇ ಇರುತ್ತೆ. ಕಾಂತಕ್ಷೇತ್ರದಲ್ಲಿ ಕಣದ ವೇಗ ಹೆಚ್ಚಾದಷ್ಟೂ ಹಗ್ಗ ತಾನಾಗೇ ಉದ್ದ ಆಗುತ್ತೆ. ಎರಡರಷ್ಟು ವೇಗ ಅಂದರೆ ಎರಡರಷ್ಟು ದೊಡ್ಡ ಸುತ್ತು. ಹಾಗಾಗಿ ಒಂದು ಸುತ್ತಿಗೆ ಹಿಡಿಯುವ ಸಮಯ ಮಾತ್ರ ಅಷ್ಟೇ! ಸೋಮಾರಿ ಕಣಕ್ಕೂ ಚುರುಕು ಕಣಕ್ಕೂ ಒಂದೇ ಟೈಮು. ಬೆಳಕಿನ ವೇಗಕ್ಕೆ ತೀರಾ ಹತ್ತಿರ ಹೋಗದಿದ್ದರೆ ಈ ಮಾತು ನಿಜ.

ನಾವು ಈ ಸಾಲನ್ನ ಅಂಡರ್‌ಲೈನ್ ಮಾಡಿ ಮುಂದಿನ ಪುಟಕ್ಕೆ ಹೋದೆವು. ಅಮೆರಿಕದ ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ಅನ್ನೋ ಮನುಷ್ಯ ಅಲ್ಲೇ ನಿಂತ. ಎಲ್ಲ ಕಣಗಳೂ ಒಂದೇ ಸಮಯಕ್ಕೆ ವಾಪಸ್ ಬರುತ್ತವೆ ಅಂದರೆ, ಬಂದಾಗಲೆಲ್ಲ ಒಂದು ಸಣ್ಣ ವಿದ್ಯುತ್ ತಳ್ಳು ಕೊಡಬಹುದಲ್ಲ ಅಂದುಕೊಂಡ. ಜಾತ್ರೆಯಲ್ಲಿ ಉಯ್ಯಾಲೆ ತೂಗೋರು ಉಯ್ಯಾಲೆ ಹತ್ತಿರ ಬಂದಾಗಲೇ ತಳ್ಳೋ ಹಾಗೆ. 1931ರಲ್ಲಿ ಅವನೂ ಅವನ ವಿದ್ಯಾರ್ಥಿ ಲಿವಿಂಗ್‌ಸ್ಟನ್ನೂ ಸೇರಿ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಸೈಕ್ಲೋಟ್ರಾನ್ ಮಾಡಿದರು. ಎರಡು ಸಾವಿರ ವೋಲ್ಟ್‌ಗೂ ಕಡಿಮೆ ಹಾಕಿ, ಹೈಡ್ರೋಜನ್ ಅಯಾನುಗಳಿಗೆ 80,000 ವೋಲ್ಟಿನಷ್ಟು ಶಕ್ತಿ ಕೊಟ್ಟರು. 1939ರಲ್ಲಿ ಲಾರೆನ್ಸ್‌ಗೆ ನೊಬೆಲ್ ಬಂತು. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಹುಡುಕೋಕೆ ಪೆಟ್ ಸ್ಕ್ಯಾನ್ ಮಾಡ್ತಾರಲ್ಲ, ಅದಕ್ಕೆ ಚುಚ್ಚುವ ಫ್ಲೋರಿನ್-18 ತಯಾರಾಗೋದು ಇಂಥ ಸೈಕ್ಲೋಟ್ರಾನಿನಲ್ಲೇ. 110 ನಿಮಿಷಕ್ಕೆ ಅರ್ಧ ಖಾಲಿಯಾಗುವ ಮಾಲು ಅದು, ದೂರದಿಂದ ತರಿಸೋಕಾಗಲ್ಲ. ಅದಕ್ಕೇ ಬೆಂಗಳೂರಿನಂಥ ಊರುಗಳಲ್ಲೇ ಸೈಕ್ಲೋಟ್ರಾನ್ ಇಟ್ಟುಕೊಂಡಿದ್ದಾರೆ.

ಗಮನಿಸಿ, ಇಲ್ಲೂ ಶಕ್ತಿ ಕೊಟ್ಟಿದ್ದು ವೋಲ್ಟೇಜು. ಆಯಸ್ಕಾಂತ ಮಾಡಿದ್ದು ಕಣವನ್ನ ತಿರುಗಿಸಿ ವಾಪಸ್ ಕರಕೊಂಡು ಬಂದಿದ್ದು. ಕರೆಂಟಿನ ತಳ್ಳು ತೆಗೆದುಬಿಡಿ, ಎಷ್ಟು ದೊಡ್ಡ ಆಯಸ್ಕಾಂತ ಇಟ್ಟರೂ ಕಣದ ಶಕ್ತಿ ಒಂದು ಪೈಸೆಯೂ ಏರಲ್ಲ. ನೊಬೆಲ್ ಪಡೆದ ಯಂತ್ರಕ್ಕೇ ಆಗದ್ದು ಒಂದು ಬ್ರೇಸ್ಲೆಟ್ಟಿಗೆ ಆಗುತ್ತಂತೆ.

ಇನ್ನೊಂದು ಕತೆ, ಸ್ವಲ್ಪ ಕಹಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಬಾಂಬಿಗೆ ಯುರೇನಿಯಂ-235 ಬೇಕಿತ್ತು. ಅದು ಯುರೇನಿಯಂ-238ರ ಜೊತೆ ಬೆರೆತಿರುತ್ತೆ, ರಾಸಾಯನಿಕವಾಗಿ ಎರಡೂ ಒಂದೇ. ತೂಕದಲ್ಲಿ ಮಾತ್ರ ಚೂರು ವ್ಯತ್ಯಾಸ. ಅದೇ ಲಾರೆನ್ಸ್ ಕಾಲುಟ್ರಾನ್ ಅಂತ ಯಂತ್ರ ಮಾಡಿದ. ವಿದ್ಯುತ್‌ಕ್ಷೇತ್ರದಿಂದ ಅಯಾನುಗಳನ್ನ ಓಡಿಸಿ, ಕಾಂತಕ್ಷೇತ್ರದಲ್ಲಿ ಬಾಗಿಸಿದರೆ ಭಾರದ್ದು ಸ್ವಲ್ಪ ದೊಡ್ಡ ವೃತ್ತ ಹೊಡೆಯುತ್ತೆ, ಹಗುರದ್ದು ಸ್ವಲ್ಪ ಚಿಕ್ಕದು. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ, ಸುಮಾರು 0.6. ಓಕ್ ರಿಡ್ಜ್ ಎಂಬಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಯಂತ್ರ ನಿಲ್ಲಿಸಿದರು. ಯುದ್ಧಕಾಲದಲ್ಲಿ ತಾಮ್ರ ಸಿಗದೆ, ಸುರುಳಿ ಸುತ್ತೋಕೆ ಸರ್ಕಾರಿ ಖಜಾನೆಯಿಂದ ಸುಮಾರು 14,700 ಟನ್ ಬೆಳ್ಳಿ ಸಾಲ ತಂದರು! ಯಂತ್ರಗಳ ಮುಂದೆ ಕೂರಿಸಿದ್ದು ಆಗ ತಾನೇ ಹೈಸ್ಕೂಲು ಮುಗಿಸಿದ್ದ ಹಳ್ಳಿ ಕಡೆಯ ಹುಡುಗಿಯರನ್ನ. ಮುಳ್ಳು ಇಲ್ಲಿಗೆ ಬಂದರೆ ಈ ಗುಬ್ಬಿ ತಿರುಗಿಸು, ಅಲ್ಲಿಗೆ ಹೋದರೆ ಆ ಗುಬ್ಬಿ ತಿರುಗಿಸು. ಪಿಎಚ್‌ಡಿ ಮಾಡಿದ ವಿಜ್ಞಾನಿಗಳಿಗಿಂತ ಅವರೇ ಚೆನ್ನಾಗಿ ನಡೆಸಿದರು. ತಾವು ಏನು ಮಾಡ್ತಿದ್ದೀವಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಕೇಳೋ ಹಾಗೂ ಇರಲಿಲ್ಲ. 1945ರ ಆಗಸ್ಟಿನಲ್ಲಿ ಹಿರೋಶಿಮಾ ಸುದ್ದಿ ಬಂದಾಗಲೇ ಗೊತ್ತಾಗಿದ್ದು.

ಆ ಹುಡುಗಿಯರಿಗೆ ಯುದ್ಧಕಾಲದ ಗುಟ್ಟು ಅಡ್ಡ ಇತ್ತು. ನಮಗೆ ಏನು ಅಡ್ಡ ಇತ್ತು? ನಮ್ಮ ಪುಸ್ತಕದಲ್ಲಿ ಎಲ್ಲ ಬರೆದಿತ್ತು, ಗುಟ್ಟು ಅಂತ ಏನೂ ಇರಲಿಲ್ಲ. ಆದರೂ ನಾವು ಕಲಿತದ್ದು ಗುಬ್ಬಿ ತಿರುಗಿಸೋದನ್ನೇ. "ತ್ರಿಜ್ಯ ಕೇಳಿದರೆ ಎಂವಿ ಬೈ ಕ್ಯೂಬಿ ಹಾಕು, ಕೆಲಸ ಕೇಳಿದರೆ ಸೊನ್ನೆ ಹಾಕು." ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಎತ್ತು, ಹಗ್ಗ, ಮೇಟಿ ಅಂತ ಯೋಚಿಸುತ್ತಾ ಕೂತವನಿಗೆ ಸೀಟು ಸಿಗಲ್ಲ, ಒಪ್ಕೋತೀನಿ. ಕೋಚಿಂಗ್ ಸೆಂಟರಿನವರು ಶಾರ್ಟ್‌ಕಟ್ ಕೊಟ್ಟಿದ್ದೂ ಸರಿ, ನಾವು ತಗೊಂಡಿದ್ದೂ ಸರಿ. ಆದರೆ ಆಮೇಲೆ ಹದಿನೈದು ವರ್ಷ ಇತ್ತಲ್ಲ? ಸಾವಿರಾರು ರೂಪಾಯಿಯ ಹಾಸಿಗೆ ಮುಂದೆ ನಿಂತಾಗ ಇನ್ವಿಜಿಲೇಟರ್ ಯಾರೂ ಬಂದು ಶೀಟು ಕಿತ್ತುಕೊಳ್ಳಲ್ಲ. ಎರಡು ನಿಮಿಷ ಯೋಚಿಸಬಹುದು.

ಬನ್ನಿ, ಆ ಎರಡು ನಿಮಿಷ ಈಗ ಯೋಚಿಸೋಣ.

ಮೊದಲನೇ ಮಾತು, "ರಕ್ತದಲ್ಲಿ ಕಬ್ಬಿಣ ಇದೆ, ಆಯಸ್ಕಾಂತ ಅದನ್ನ ಎಳೆದು ರಕ್ತಸಂಚಾರ ಹೆಚ್ಚಿಸುತ್ತೆ." ನಮ್ಮ ಇಡೀ ಮೈಯಲ್ಲಿರೋ ಕಬ್ಬಿಣ ಸುಮಾರು ನಾಲ್ಕು ಗ್ರಾಂ. ಅದು ಮೊಳೆಯ ಥರ ಗಟ್ಟಿಯಾಗಿ ಕೂತಿಲ್ಲ. ಹೆಚ್ಚಿನದ್ದು ಹಿಮೋಗ್ಲೋಬಿನ್ ಅಣುಗಳಲ್ಲಿ ಒಂದೊಂದೇ ಪರಮಾಣುವಾಗಿ ಚದುರಿಹೋಗಿದೆ. ಮೊಳೆ ಅಂಟಿಕೊಳ್ಳೋದು ಕೋಟ್ಯಂತರ ಕಬ್ಬಿಣದ ಪರಮಾಣುಗಳು ಒಟ್ಟಿಗೆ ಒಂದೇ ಕಡೆ ಮುಖ ಮಾಡೋದರಿಂದ. ಹಿಮೋಗ್ಲೋಬಿನ್ನಿನಲ್ಲಿ ಆ ಗುಂಪೇ ಇಲ್ಲ. 1936ರಲ್ಲೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಅಳೆದು ತೋರಿಸಿದರು: ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅನ್ನು ಆಯಸ್ಕಾಂತ ಎಳೆಯಲ್ಲ, ಅತಿ ಸಣ್ಣಗೆ ದೂರ ತಳ್ಳುತ್ತೆ. ನಿಮಗೆ ಅದೂ ಬೇಡ ಅಂದರೆ ಎಂಆರ್‌ಐ ನೆನಪು ಮಾಡ್ಕೊಳ್ಳಿ. ಅಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತದ ನೂರಾರು ಪಟ್ಟು. ಬ್ರೇಸ್ಲೆಟ್ಟು ರಕ್ತವನ್ನ ಎಳೆಯೋದು ನಿಜವಾಗಿದ್ದರೆ ಎಂಆರ್‌ಐಗೆ ಹೋದವರ ಗತಿ ಏನಾಗಬೇಕಿತ್ತು?

ಎರಡನೇ ಮಾತು ಸ್ವಲ್ಪ ಓದಿಕೊಂಡವರದ್ದು. "ಕಬ್ಬಿಣ ಬಿಡಿ ಸಾರ್, ರಕ್ತದಲ್ಲಿ ಅಯಾನ್ಸ್ ಇವೆ, ಚಾರ್ಜ್ಡ್ ಪಾರ್ಟಿಕಲ್ಸ್, ಮ್ಯಾಗ್ನೆಟಿಕ್ ಫೀಲ್ಡ್ ಅವುಗಳ ಮೇಲೆ ಕೆಲಸ ಮಾಡುತ್ತೆ." ಸರಿ, ಲೆಕ್ಕ ಹಾಕೋಣ. ಮೈಯ ಬಿಸಿಗೆ ಒಂದು ಸೋಡಿಯಂ ಅಯಾನು ಸೆಕೆಂಡಿಗೆ ಸುಮಾರು 580 ಮೀಟರ್ ವೇಗದಲ್ಲಿ ಅಡ್ಡಾದಿಡ್ಡಿ ಓಡಾಡ್ತಿರುತ್ತೆ, ಗಂಟೆಗೆ ಎರಡು ಸಾವಿರ ಕಿಲೋಮೀಟರ್. ಬ್ರೇಸ್ಲೆಟ್ಟಿನಿಂದ ರಕ್ತನಾಳಕ್ಕೆ 0.05 ಟೆಸ್ಲಾ ತಲುಪುತ್ತೆ ಅಂತ ಧಾರಾಳವಾಗಿ ಒಪ್ಪಿಕೊಳ್ಳೋಣ. ನಮ್ಮ ಅದೇ ಎಂವಿ ಬೈ ಕ್ಯೂಬಿ ಹಾಕಿದರೆ ತ್ರಿಜ್ಯ ಸುಮಾರು 3 ಮಿಲಿಮೀಟರ್. ಅಂದರೆ ಆ ಅಯಾನಿಗೆ ಸುತ್ತಬೇಕು ಅಂದರೆ ಮೂರು ಮಿಲಿಮೀಟರ್ ತ್ರಿಜ್ಯದ ಖಾಲಿ ಜಾಗ ಬೇಕು. ಆದರೆ ಅದು ಇರೋದು ನೀರಿನಲ್ಲಿ. ನೀರಿನ ಅಣುಗಳ ನಡುವಿನ ಅಂತರ ಸುಮಾರು 0.3 ನ್ಯಾನೋಮೀಟರ್. ಸುತ್ತೋಕೆ ಬೇಕಾದ ತ್ರಿಜ್ಯದ ಕೋಟಿಯಲ್ಲೊಂದು ಪಾಲು ಹೋಗುವಷ್ಟರಲ್ಲೇ ಅದು ಯಾವುದಕ್ಕೋ ಡಿಕ್ಕಿ ಹೊಡೆದು ದಿಕ್ಕು ಮರೆತಿರುತ್ತೆ.

ಸಿಲ್ಕ್ ಬೋರ್ಡ್ ಜಂಕ್ಷನ್, ಶುಕ್ರವಾರ ಸಂಜೆ ಏಳು ಗಂಟೆ. ನಿಮ್ಮ ಬೈಕಿನ ಹ್ಯಾಂಡಲ್ ಕೂದಲೆಳೆಯಷ್ಟು ಬಲಕ್ಕೆ ವಾಲಿದೆ. ಖಾಲಿ ಮೈದಾನದಲ್ಲಾಗಿದ್ದರೆ ದೊಡ್ಡ ವೃತ್ತ ಹೊಡೆದು ಹೊರಟ ಜಾಗಕ್ಕೇ ಬರ್ತಿದ್ರಿ. ಸಿಲ್ಕ್ ಬೋರ್ಡಿನಲ್ಲಿ? ಮುಂದೆ ಅರ್ಧ ಅಡಿಗೆ ಆಟೋ, ಪಕ್ಕದಲ್ಲಿ ಬಿಎಂಟಿಸಿ, ಹಿಂದೆ ಟೆಂಪೋ. ಹ್ಯಾಂಡಲ್ ವಾಲಿದ್ದು ಸುಳ್ಳಲ್ಲ. ಆದರೆ ನೀವು ಎಲ್ಲಿಗೆ ತಲುಪ್ತೀರಿ ಅನ್ನೋದನ್ನ ಅದು ತೀರ್ಮಾನ ಮಾಡಲ್ಲ. ಥಾಮ್ಸನ್ ತನ್ನ ಕೊಳವೆಯಿಂದ ಗಾಳಿ ತೆಗೆದದ್ದು, ಲಾರೆನ್ಸ್ ತನ್ನ ಡಬ್ಬಿಯನ್ನ ನಿರ್ವಾತ ಮಾಡಿದ್ದು ಇದಕ್ಕೇ. ರಸ್ತೆ ಖಾಲಿ ಇದ್ದರೆ ಮಾತ್ರ ವೃತ್ತ. ನಮ್ಮ ರಕ್ತನಾಳ ಖಾಲಿ ಇಲ್ಲ. ಖಾಲಿ ಇದ್ದರೆ ಬ್ರೇಸ್ಲೆಟ್ ಕೊಳ್ಳೋಕೆ ನಾವೇ ಇರಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಆಯಸ್ಕಾಂತಕ್ಕೂ ವೈದ್ಯಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಕಾಂತಕ್ಷೇತ್ರ ಕ್ಷಣಕ್ಷಣಕ್ಕೆ ಬದಲಾಗ್ತಿದ್ದರೆ ಅದು ವಿದ್ಯುತ್‌ಕ್ಷೇತ್ರ ಹುಟ್ಟಿಸುತ್ತೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದು ಅದನ್ನೇ. ಆ ವಿದ್ಯುತ್‌ಕ್ಷೇತ್ರ ನಿಜವಾಗಿ ಕೆಲಸ ಮಾಡುತ್ತೆ. ಇಂಡಕ್ಷನ್ ಒಲೆ ಬಿಸಿಯಾಗೋದು ಹಾಗೇ. ನಿಮ್ಹಾನ್ಸ್‌ನಂಥ ಕಡೆ ತಲೆಯ ಮೇಲೆ ಸುರುಳಿ ಇಟ್ಟು ಮಿದುಳಿನ ನರಗಳನ್ನ ಪ್ರಚೋದಿಸುವ ಚಿಕಿತ್ಸೆಯೂ ಹಾಗೇ. ಆದರೆ ಆ ಯಂತ್ರಕ್ಕೆ ಪ್ಲಗ್ ಇರುತ್ತೆ, ಕರೆಂಟ್ ಬಿಲ್ ಬರುತ್ತೆ. ಬ್ರೇಸ್ಲೆಟ್ಟಿನ ಆಯಸ್ಕಾಂತ ಬದಲಾಗಲ್ಲ, ಕೈ ಅಲ್ಲಾಡಿಸಿದರೆ ಅದೂ ಕೈ ಜೊತೆಗೇ ಅಲ್ಲಾಡುತ್ತೆ. "ಮತ್ತೆ ಆಯಸ್ಕಾಂತ ಮೊಳೆಯನ್ನ ಎತ್ತುತ್ತಲ್ಲ, ಅದು ಕೆಲಸ ಅಲ್ವಾ?" ಅಂತ ಕೇಳೋರಿಗೂ ಉತ್ತರ ಇದೆ. ಎತ್ತುತ್ತೆ, ಒಂದು ಸಲ. ಇನ್ನೊಂದು ಸಲ ಎತ್ತಬೇಕಾದರೆ ನೀವೇ ಬಲ ಹಾಕಿ ಕೀಳಬೇಕು. ಕೊಟ್ಟದ್ದನ್ನ ವಾಪಸ್ ವಸೂಲಿ ಮಾಡುತ್ತೆ. ಬಿಟ್ಟಿ ಶಕ್ತಿ ಅಲ್ಲೂ ಇಲ್ಲ.

ಮೂರನೇ ಮಾತು, ಎಲ್ಲರ ಬಾಯಲ್ಲೂ ಬರೋದು: "ನಿಮ್ಮ ಲೆಕ್ಕ ಏನೇ ಇರಲಿ, ನಮ್ಮ ಅತ್ತೆಗೆ ಮಂಡಿನೋವು ಕಡಿಮೆ ಆಯ್ತು." ಆಗಿರುತ್ತೆ. ಮಂಡಿನೋವು ಏರುತ್ತೆ, ಇಳಿಯುತ್ತೆ. ನಾವು ಪಟ್ಟಿ ಕೊಳ್ಳೋದು ನೋವು ತೀರಾ ಏರಿದ ದಿನ. ಆ ದಿನದಿಂದ ಮುಂದೆ ಅದು ಹೋಗೋಕೆ ಹೆಚ್ಚಿನ ದಾರಿ ಇರೋದು ಕೆಳಕ್ಕೇ. ಜೊತೆಗೆ ಮಗ ದುಡ್ಡು ಕೊಟ್ಟು ತಂದುಕೊಟ್ಟ ಅನ್ನೋ ಸಮಾಧಾನ. ಇದನ್ನ ಬೇರೆ ಮಾಡಿ ನೋಡೋಕೆ ಒಂದು ದಾರಿ ಇದೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸ್ಟ್ಯೂವರ್ಟ್ ರಿಚ್ಮಂಡ್ ತಂಡ ಸಂಧಿವಾತದ 70 ಜನರಿಗೆ ಸರದಿಯಂತೆ ನಾಲ್ಕು ಪಟ್ಟಿ ಕಟ್ಟಿಸಿತು. ಅದರಲ್ಲಿ ಆಯಸ್ಕಾಂತದ್ದೂ ಇತ್ತು, ತಾಮ್ರದ್ದೂ ಇತ್ತು, ಆಯಸ್ಕಾಂತ ಶಕ್ತಿ ಇಲ್ಲದ ಡಮ್ಮಿಯೂ ಇತ್ತು. 2013ರಲ್ಲಿ ಬಂದ ಫಲಿತಾಂಶ: ಡಮ್ಮಿಗಿಂತ ಹೆಚ್ಚಿನ ಉಪಯೋಗ ಆಯಸ್ಕಾಂತದಿಂದಲೂ ಇಲ್ಲ, ತಾಮ್ರದಿಂದಲೂ ಇಲ್ಲ. ನಾವು ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಎ/ಬಿ ಟೆಸ್ಟ್ ಮಾಡ್ತೀವಿ. ಅಪ್ಪನ ಆರೋಗ್ಯದ ವಿಷಯಕ್ಕೆ ಮಾತ್ರ ಕ್ಲಬ್‌ಹೌಸ್ ಡೆಮೋ ಸಾಕು ನಮಗೆ.

"ಅಷ್ಟಾದರೂ, ತೊಂದರೆ ಏನಿದೆ ಬಿಡಿ. ಕಟ್ಕೊಂಡರೆ ಕಟ್ಕೊಳ್ಳಲಿ." ಇದು ಕೊನೇ ಮಾತು, ನನಗೆ ಸಿಟ್ಟು ಬರೋದೂ ಇದಕ್ಕೇ.

ನಮ್ಮ ದೊಡ್ಡಪ್ಪ ಊರಲ್ಲೇ ಇರೋದು. ಸಕ್ಕರೆ ಕಾಯಿಲೆ, ದಿನಾ ಎರಡು ಮಾತ್ರೆ. ಒಂದು ಚೈನ್ ಕಂಪನಿಯ ಮ್ಯಾಗ್ನೆಟಿಕ್ ಹಾಸಿಗೆಯನ್ನ ಅವರಿಗೆ ಮಾರಿದ್ದು ಯಾವ ಮಂತ್ರವಾದಿಯೂ ಅಲ್ಲ, ಪಕ್ಕದೂರಿನ ಬಿಇ ಹುಡುಗ. ಬೆಂಗಳೂರಿನಿಂದ ವೀಕೆಂಡಿಗೆ ಬಂದವನು ಲ್ಯಾಪ್‌ಟಾಪ್ ತೆಗೆದು, ರಕ್ತದ ಕಣಗಳು ಸಾಲಾಗಿ ನಿಲ್ಲೋ ಅನಿಮೇಶನ್ ತೋರಿಸಿದ. ಅರವತ್ತು ಸಾವಿರ ರೂಪಾಯಿ, ಒಂದು ಹಸು ಮಾರಿದ ದುಡ್ಡು. ಮೂರು ತಿಂಗಳು ಮಲಗಿದರೆ ಮಾತ್ರೆ ಬೇಕಾಗಲ್ಲ ಅಂದಿದ್ದನಂತೆ. ದೊಡ್ಡಪ್ಪ ಮೂರು ತಿಂಗಳೂ ಕಾಯಲಿಲ್ಲ, ಮೊದಲ ವಾರವೇ ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಗದೆ ಜಿಲ್ಲಾಸ್ಪತ್ರೆ ಸೇರಿದಾಗ ನಮಗೆ ವಿಷಯ ಗೊತ್ತಾಗಿದ್ದು. ಎರಡು ಬೆರಳು ಹೋಯಿತು. ನಾನು ಹಾಸಿಗೆ ಬಗ್ಗೆ ಬೈದಾಗ ಅವರು ಹೇಳಿದ್ದು ಒಂದೇ ಮಾತು: "ಬಿಇ ಓದಿದೋನು ಹೇಳ್ತಾನೆ ಅಂದ್ರೆ ನಿಜಾನೇ ಇರ್ಬೇಕು ಅಂದ್ಕಂಡೆ ಕಣಪ್ಪ."

ಈ ವ್ಯಾಪಾರದ ನಿಜವಾದ ಬಂಡವಾಳ ಆಯಸ್ಕಾಂತ ಅಲ್ಲ, ನಮ್ಮ ಡಿಗ್ರಿ. ಊರಿನವರಿಗೆ ಭೌತಶಾಸ್ತ್ರ ಗೊತ್ತಿಲ್ಲ, ಗೊತ್ತಿಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಗೊತ್ತಿರೋರನ್ನ ನಂಬ್ತಾರೆ. ನಮ್ಮನ್ನ ಓದಿಸೋಕೆ ಹೊಲ ಅಡ ಇಟ್ಟವರು ಅವರು. ಆ ಓದನ್ನೇ ಅಡ ಇಟ್ಟು ಅವರಿಗೆ ಸುಳ್ಳು ಮಾರೋದು, ಮಾರೋರನ್ನ ನೋಡಿ ಸುಮ್ಮನೆ ತಲೆ ಆಡಿಸೋದು, ಎರಡೂ ಒಂದೇ ಲೆಕ್ಕ. ಅಪಾರ್ಟ್‌ಮೆಂಟಿನಲ್ಲಿ ನಾವು ಮಗ್ಗುಲಿಗೆ ಹಾಕ್ಕೊಂಡ ಹಾಸಿಗೆ ಊರಿಗೆ ಹೋಗುವಾಗ ಸರ್ಟಿಫಿಕೇಟ್ ಜೊತೆ ಹೋಗುತ್ತೆ: "ಬೆಂಗಳೂರಲ್ಲಿ ಇಂಜಿನಿಯರುಗಳೇ ಇದರ ಮೇಲೆ ಮಲಗ್ತಾರೆ."

ಕಾನೂನು ಇದೆ. 1954ರಿಂದಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ ಒಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವನ್ನೆಲ್ಲ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋ ಹಾಗಿಲ್ಲ. ಆದರೆ ಕಾಯ್ದೆ ಕ್ಲಬ್‌ಹೌಸಿನ ಬಾಗಿಲಿಗೆ ತಾನಾಗೇ ಬರಲ್ಲ. ಯಾರಾದರೂ ಕೈ ಎತ್ತಿ ಕೇಳಬೇಕು.

ಕೇಳಿದವರೂ ನಮ್ಮಲ್ಲಿ ಇದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ ಭೌತಶಾಸ್ತ್ರ ಓದಿ, ಅಮೆರಿಕದ ಓಹಿಯೋ ಸ್ಟೇಟ್‌ಗೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದರು. ಎಷ್ಟೋ ಜನರ ಕೋಪಕ್ಕೆ ಗುರಿಯಾದರು. ಡಿಗ್ರಿ ಇರೋದು ಪ್ರಶ್ನೆ ಕೇಳೋಕೆ ಅಂತ ಅವರಿಗೆ ಅನ್ನಿಸಿತ್ತು. ನಮಗೆ ಡಿಗ್ರಿ ಇರೋದು ಲಿಂಕ್ಡ್‌ಇನ್‌ನಲ್ಲಿ ಹಾಕೋಕೆ.

ಕಾಂತಕ್ಷೇತ್ರದ ದೊಡ್ಡತನ ಕಡಿಮೆ ಮಾಡೋಕೆ ನಾನು ಇದೆಲ್ಲ ಬರೀತಿಲ್ಲ, ಬದಲಿಗೆ ಅದರ ನಿಜವಾದ ದೊಡ್ಡತನ ಗೊತ್ತಾಗಲಿ ಅಂತ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.00004 ಟೆಸ್ಲಾ, ಫ್ರಿಜ್ ಆಯಸ್ಕಾಂತದ ನೂರನೇ ಒಂದು ಭಾಗದಷ್ಟೂ ಇಲ್ಲ. ಆದರೆ ಅದು ಆಕಾಶದಲ್ಲಿ ಸಾವಿರಾರು ಕಿಲೋಮೀಟರ್ ಹರಡಿದೆ, ಅಲ್ಲಿ ರಸ್ತೆ ಖಾಲಿ ಇದೆ. ಸೂರ್ಯನಿಂದ ನುಗ್ಗಿ ಬರುವ ಆವಿಷ್ಟ ಕಣಗಳನ್ನ ತಿರುಗಿಸಿ ಕಳಿಸುತ್ತೆ. ಒಳಗೆ ನುಸುಳಿದ ಕೆಲವು ಕಣಗಳು ಕ್ಷೇತ್ರದ ಗೆರೆಗಳನ್ನ ಸುರುಳಿ ಸುತ್ತಿಕೊಂಡು ಧ್ರುವಗಳ ಕಡೆ ಇಳಿದು ಬಾನಿಗೆ ಬಣ್ಣ ಹಚ್ಚುತ್ತವೆ. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲಿ ಆ ಕೆಂಪು ಲಡಾಖಿನ ಹಾನ್ಲೆಯ ಆಕಾಶದಲ್ಲೂ ಕಂಡಿತು, ಅಲ್ಲಿನ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದು. ಅದೇ ವರ್ಷ ಜನವರಿ 6ರಂದು ತನ್ನ ಕಕ್ಷೆ ಸೇರಿದ ಆದಿತ್ಯ-ಎಲ್1 ಈಗ ಆ ಕಣಗಳನ್ನ ಎಣಿಸುತ್ತಾ ಇದೆ, ಕಾಂತಕ್ಷೇತ್ರವನ್ನ ಅಳೆಯುತ್ತಾ ಇದೆ. ಒಂದಿಷ್ಟೂ ಕೆಲಸ ಮಾಡದೆ, ಬರೀ ದಿಕ್ಕು ತಿರುಗಿಸಿ, ಇಡೀ ಭೂಮಿಯನ್ನ ಕಾಯುತ್ತಿರೋದು ಇದೇ ಕಾಂತಕ್ಷೇತ್ರ. ಇಂಥದ್ದನ್ನ ಮಂಡಿ ಪಟ್ಟಿಗೆ ಇಳಿಸಿದ್ದೇವೆ.

ಮುಂದಿನ ಸಲ ಡೆಮೋಗೆ ಯಾರಾದರೂ ಬಂದರೆ ಜಗಳ ಆಡಬೇಡಿ. ಮೂರು ಪ್ರಶ್ನೆ ಕೇಳಿ. ಕಾಂತಕ್ಷೇತ್ರ ಎಷ್ಟು ಟೆಸ್ಲಾ, ಚರ್ಮದಿಂದ ಒಂದು ಸೆಂಟಿಮೀಟರ್ ಒಳಗೆ ಎಷ್ಟು ಉಳಿಯುತ್ತೆ? ಶಕ್ತಿ ಕೊಡುತ್ತೆ ಅಂತೀರಲ್ಲ, ಆ ಶಕ್ತಿ ಎಲ್ಲಿಂದ ಬರುತ್ತೆ, ಪ್ಲಗ್ ಎಲ್ಲಿ? ಡಮ್ಮಿ ಜೊತೆ ಹೋಲಿಸಿ ನೋಡಿದ್ದೀರಾ, ತೋರಿಸಿ. ಗಟ್ಟಿಯಾಗಿ ಕೇಳಿ, ಹಿಂದಿನ ಸಾಲಿನಲ್ಲಿ ಕೂತಿರೋ ವಯಸ್ಸಾದವರಿಗೂ ಕೇಳಿಸೋ ಹಾಗೆ. ಕನ್ನಡದಲ್ಲೇ ಕೇಳಿ. ಆಮೇಲೆ ಅದೇ ಮೂರು ಪ್ರಶ್ನೆಗಳನ್ನ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಹಾಕಿ. ಗುಡ್ ಮಾರ್ನಿಂಗ್ ಗುಲಾಬಿಗಳ ಮಧ್ಯೆ ಒಂದಿಬ್ಬರಿಗೆ ಬೇಜಾರಾಗಬಹುದು, ಒಬ್ಬರು ಗ್ರೂಪ್ ಬಿಡಬಹುದು. ಬಿಟ್ಟರೆ ಬಿಡಲಿ. ಮಾತ್ರೆ ಬಿಡದಿದ್ದರೆ ಸಾಕು.